ನಮ್ಮ ಹವೆಯಲ್ಲಿ ಲ್ಯಾವೆಂಡರ್: ಕುಂಡದಲ್ಲಿ ಬೆಳೆಸಿ, ಮಳೆಗಾಲ ದಾಟಿಸೋದು ಹೇಗೆ?

"ಲ್ಯಾವೆಂಡರ್ ತಂದು ಎರಡು ತಿಂಗಳಾಯ್ತು, ದಿನಾ ನೀರು ಹಾಕ್ತಿದ್ದೀನಿ, ಆದ್ರೂ ಒಣಗ್ತಿದೆ. ಏನು ಮಾಡ್ಲಿ?" ಪ್ರತಿ ಮಳೆಗಾಲದಲ್ಲೂ ಈ ಪ್ರಶ್ನೆ ಬಂದೇ ಬರುತ್ತದೆ. ಜೊತೆಗೊಂದು ಫೋಟೊ. ಗಿಡ ತಲೆ ಬಾಗಿಸಿ ನಿಂತಿರುತ್ತದೆ, ಕುಂಡದ ಮಣ್ಣು ಮಾತ್ರ ಕಪ್ಪಗೆ ಒದ್ದೆಯಾಗಿ ಹೊಳೆಯುತ್ತಿರುತ್ತದೆ. ಉತ್ತರ ಆ ಫೋಟೊದಲ್ಲೇ ಇದೆ, ಪ್ರಶ್ನೆಯಲ್ಲೂ ಇದೆ: ದಿನಾ ನೀರು.

ಪ್ರತಿಯೊಬ್ಬರಿಗೂ ಬಿಡಿಬಿಡಿಯಾಗಿ ಬರೆಯುವ ಬದಲು ಎಲ್ಲವನ್ನೂ ಇಲ್ಲಿ ಒಂದೇ ಕಡೆ ಹಾಕಿದ್ದೇನೆ.

ಮೊದಲು ಒಂದು ಗೊಂದಲ ಬಗೆಹರಿಸೋಣ. ಲಾವಂಚ ಬೇರೆ, ಲ್ಯಾವೆಂಡರ್ ಬೇರೆ. ಲಾವಂಚ ನಮ್ಮದೇ ಹುಲ್ಲು. ಅದರ ಬೇರಿಗೆ ವಾಸನೆ, ಬೇಸಿಗೆಯಲ್ಲಿ ಕುಡಿಯುವ ನೀರಿಗೆ ಹಾಕುತ್ತೇವಲ್ಲ, ಅದು. ಲ್ಯಾವೆಂಡರ್ ತುಳಸಿ, ಪುದೀನದ ಕುಟುಂಬಕ್ಕೆ ಸೇರಿದ ಪೊದೆ. ಅದರ ಹೂವು ಮತ್ತು ಎಲೆಗೆ ವಾಸನೆ. ಮೂಲ ಮೆಡಿಟರೇನಿಯನ್ ಸಮುದ್ರದ ಸುತ್ತಲಿನ ಕಲ್ಲು ಗುಡ್ಡಗಳು. ಅಲ್ಲಿ ಬೇಸಿಗೆಯಲ್ಲಿ ಮಳೆ ಇಲ್ಲವೆನ್ನುವಷ್ಟು ಕಡಿಮೆ. ಬೇಸಿಗೆ ಒಣಗಿರುತ್ತದೆ, ಚಳಿಗಾಲದಲ್ಲಿ ಒಂದಿಷ್ಟು ಮಳೆ. ನಮ್ಮಲ್ಲಿ ಪೂರ್ತಿ ಉಲ್ಟಾ. ಬೆಚ್ಚಗಿರುವ ಜೂನ್‌ನಿಂದ ಅಕ್ಟೋಬರ್‌ವರೆಗೆ ಮಳೆ, ಚಳಿಗಾಲ ಒಣ. ಈ ಗಿಡಕ್ಕೆ ನಮ್ಮಲ್ಲಿ ಬರುವ ಕಷ್ಟವೆಲ್ಲ ಇಲ್ಲಿಂದಲೇ ಶುರು.

ನಮ್ಮ ದೇಶದಲ್ಲಿ ಲ್ಯಾವೆಂಡರ್ ಹೊಲಗಳ ಫೋಟೊ ನೋಡಿದ್ದರೆ ಅದು ಹೆಚ್ಚಾಗಿ ಜಮ್ಮು ಭಾಗದ ಭದರ್‌ವಾಹ್‌ನದ್ದು. ಅದು ಸುಮಾರು 1,600 ಮೀಟರ್ ಎತ್ತರದ ಜಾಗ, ಚಳಿಗಾಲದಲ್ಲಿ ಹಿಮ ಬೀಳುತ್ತದೆ. ಆ ನೇರಳೆ ಹೊಲವನ್ನು ಜಯನಗರದ ಬಾಲ್ಕನಿಗೆ ತರಲು ಆಗಲ್ಲ. ಆದರೆ ಒಂದೆರಡು ಕುಂಡದಲ್ಲಿ ಘಮ್ಮೆನ್ನುವ ಗಿಡ ಸಾಕಬಹುದು, ಹೂವೂ ಪಡೆಯಬಹುದು.

ಎಲ್ಲಿ ಸುಲಭ, ಎಲ್ಲಿ ಕಷ್ಟ? ಬೆಂಗಳೂರು, ಮೈಸೂರು, ಹಾಸನ, ಕೋಲಾರ, ಧಾರವಾಡದ ಕಡೆ ಧೈರ್ಯವಾಗಿ ಪ್ರಯತ್ನಿಸಿ. ಬಳ್ಳಾರಿ, ರಾಯಚೂರು, ಕಲಬುರಗಿಯಲ್ಲಿ ಒಣ ಹವೆ ಒಳ್ಳೆಯದೇ, ಬೇಸಿಗೆಯ ಮಧ್ಯಾಹ್ನ ಮಾತ್ರ ನೆರಳು ಕೊಡಬೇಕು. ಮಂಗಳೂರು, ಉಡುಪಿ, ಕಾರವಾರದವರಿಗೆ ನಾನು ಬೇಡ ಅಂತಲೇ ಹೇಳುತ್ತೇನೆ. ಗಾಳಿಯಲ್ಲೇ ಅಷ್ಟು ತೇವ ಇದ್ದರೆ ನೀವು ಎಷ್ಟು ಜೋಪಾನ ಮಾಡಿದರೂ ಎಲೆ ಕೊಳೆಯುತ್ತದೆ. ನಿಮ್ಮಲ್ಲಿ ಮಲ್ಲಿಗೆ ಇದೆ, ಬಿಡಿ. ಕೊಡಗು, ಮಲೆನಾಡಿನವರು ಚಳಿ ಇದೆ ಅಂತ ಆಸೆಪಡುತ್ತಾರೆ. ಚಳಿಯೇನೋ ಸರಿ, ಆದರೆ ಮಳೆ ಬೀಳದ, ಬೆಳಕು ಬೀಳುವ ಜಾಗ ಇದ್ದರೆ ಮಾತ್ರ.

ಬೇಕಾಗುವ ಸಾಮಾನು: 10ರಿಂದ 12 ಇಂಚಿನ ಸುಡುಮಣ್ಣಿನ ಕುಂಡ, ಕೆಮ್ಮಣ್ಣು, ದಪ್ಪ ಮರಳು, ಸಣ್ಣ ಜಲ್ಲಿ, ಸ್ವಲ್ಪ ಎರೆಗೊಬ್ಬರ, ಒಂದೆರಡು ಚಮಚ ಕೃಷಿ ಸುಣ್ಣ, ಹರಿತವಾದ ಕತ್ತರಿ. ಅಷ್ಟೇ.

1. ಯಾವ ಲ್ಯಾವೆಂಡರ್ ಅಂತ ಮೊದಲು ಗುರುತಿಸಿ

ಬಹಳ ಜನ ಎಡವುವುದು ಇಲ್ಲೇ, ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ. ಲ್ಯಾವೆಂಡರ್ ಅನ್ನೋ ಒಂದೇ ಹೆಸರಲ್ಲಿ ನಾಲ್ಕೈದು ಬಗೆಯ ಗಿಡ ಮಾರುತ್ತಾರೆ. ಹೂವು ನೋಡಿ ಮರುಳಾಗಬೇಡಿ, ಎಲೆ ನೋಡಿ.

ಎಲೆ ಸಪೂರ, ಅಂಚು ನಯ, ಬಣ್ಣ ಬೂದು ಹಸಿರು ಇದ್ದರೆ ಅದು ಇಂಗ್ಲಿಷ್ ಲ್ಯಾವೆಂಡರ್. ಸೋಪು, ಸೆಂಟಿನಲ್ಲಿ ಬರುವ ಆ ಸಿಹಿಯಾದ ವಾಸನೆ ಇದರದ್ದೇ. ಆದರೆ ಚೆನ್ನಾಗಿ ಹೂ ಬಿಡಲು ಇದಕ್ಕೆ ಕೆಲವು ವಾರ ಗಟ್ಟಿ ಚಳಿ ಬೇಕು. ಬೆಂಗಳೂರಿನ ಡಿಸೆಂಬರ್ ಚಳಿ ನಮಗೆ ಸ್ವೆಟರ್ ಹಾಕಿಸುತ್ತದೆ, ಈ ಗಿಡಕ್ಕೆ ಅದು ಸಾಲದು. ಇಲ್ಲಿ ಹೂವು ಅಪರೂಪ, ಎಲೆಯ ವಾಸನೆಗಾಗಿ ಬೆಳೆಸಬಹುದು ಅಷ್ಟೇ.

ಎಲೆಯ ಅಂಚು ಬಾಚಣಿಗೆಯಂತೆ ಹಲ್ಲುಹಲ್ಲಾಗಿದ್ದರೆ ಅದು ಡೆಂಟಾಟ ಜಾತಿ, ಫ್ರೆಂಚ್ ಲ್ಯಾವೆಂಡರ್ ಅಂತಲೂ ಕರೆಯುತ್ತಾರೆ. ವಾಸನೆಯಲ್ಲಿ ಕರ್ಪೂರದ ಖಾರ ಜಾಸ್ತಿ, ಸಿಹಿ ಕಮ್ಮಿ. ಆದರೆ ಇದಕ್ಕೆ ಹೂ ಬಿಡಲು ಗಟ್ಟಿ ಚಳಿ ಬೇಡ, ಶೆಕೆಯನ್ನೂ ತಡೆದುಕೊಳ್ಳುತ್ತದೆ. ಮೊದಲ ಸಲ ಬೆಳೆಸುವವರಿಗೆ ನಾನು ಹೇಳುವುದು ಇದನ್ನೇ.

ತೆನೆಯ ತುದಿಯಲ್ಲಿ ಮೊಲದ ಕಿವಿಯಂತೆ ನೇರಳೆ ಎಸಳು ನಿಂತಿದ್ದರೆ ಅದು ಸ್ಪ್ಯಾನಿಷ್ ಲ್ಯಾವೆಂಡರ್. ನೋಡಲು ಚೆಂದ, ವಾಸನೆ ಕರ್ಪೂರದ್ದೇ.

ಎಲೆ ಚೆಂಡುಹೂವಿನ ಎಲೆಯಂತೆ ಸೀಳುಸೀಳಾಗಿದ್ದರೆ ಅದು ಫರ್ನ್ ಎಲೆಯ ಲ್ಯಾವೆಂಡರ್. ಹೂವು ಧಾರಾಳ, ಬೆಳೆಸೋದೂ ಸುಲಭ. ಆದರೆ ವಾಸನೆ ನೋಡಿದರೆ ನಿರಾಸೆಯಾಗುತ್ತದೆ. ಪಿಜ್ಜಾ ಮೇಲೆ ಉದುರಿಸುವ ಓರೆಗಾನೋ ನೆನಪಾದೀತೇ ಹೊರತು ಲ್ಯಾವೆಂಡರ್ ಅಲ್ಲ.

ಇನ್ನು ಲ್ಯಾವೆಂಡರ್ ಅಲ್ಲವೇ ಅಲ್ಲದವು. ನೀಲಿ ಸಾಲ್ವಿಯಾ ದೂರದಿಂದ ಹಾಗೇ ಕಾಣುತ್ತದೆ. 'ಮೋನಾ ಲ್ಯಾವೆಂಡರ್' ಅನ್ನೋ ಗಿಡದ ಹೆಸರಲ್ಲೇ ಲ್ಯಾವೆಂಡರ್ ಇದೆ, ಆದರೆ ಅದು ದೊಡ್ಡಪತ್ರೆಯ ಹತ್ತಿರದ ಸಂಬಂಧಿ. ಎಲೆಯ ಅಡಿಭಾಗ ನೇರಳೆ ಇದ್ದರೆ ಅದೇ ಅಂತ ತಿಳಿಯಿರಿ.

ಪರೀಕ್ಷೆ ಸುಲಭ. ಒಂದು ಎಲೆಯನ್ನು ಎರಡು ಬೆರಳ ನಡುವೆ ಉಜ್ಜಿ ಮೂಸಿ. ಬೇಕಾದ ವಾಸನೆ ಬರದಿದ್ದರೆ ಲೇಬಲ್ ಏನೇ ಹೇಳಲಿ, ವಾಪಸ್ ಇಡಿ.

2. ಬೀಜ ಬೇಡ, ಗಿಡ ತನ್ನಿ

ಆನ್‌ಲೈನಿನಲ್ಲಿ ನೂರು ರೂಪಾಯಿಗೆ ಲ್ಯಾವೆಂಡರ್ ಬೀಜದ ಪೊಟ್ಟಣ ಸಿಗುತ್ತದೆ. ಸುಮ್ನೆ ದುಡ್ಡು ಕಳೆಯಬೇಡಿ. ಬೀಜ ಹಳೆಯದಾದರೆ ಹುಟ್ಟೋದಿಲ್ಲ. ಹೊಸದಾದರೂ ಇಂಗ್ಲಿಷ್ ಜಾತಿಯದ್ದನ್ನು ಒದ್ದೆ ಮರಳಿನಲ್ಲಿ ಬೆರೆಸಿ ಮೂರ್ನಾಲ್ಕು ವಾರ ಫ್ರಿಜ್‌ನಲ್ಲಿಟ್ಟು, ಆಮೇಲೆ ಬಿತ್ತಿ, ಮತ್ತೆ ಎರಡು ಮೂರು ವಾರ ಕಾಯಬೇಕು. ಮೊಳೆತ ಸಸಿ ತಾಯಿ ಗಿಡದಂತೆಯೇ ಇರುತ್ತದೆ ಅನ್ನೋ ಭರವಸೆಯೂ ಇಲ್ಲ.

ಗಿಡ ಕೊಳ್ಳಲು ಅಕ್ಟೋಬರ್ ಕೊನೆಯಿಂದ ಜನವರಿವರೆಗೆ ಒಳ್ಳೆಯ ಸಮಯ. ಲಾಲ್‌ಬಾಗ್‌ನಲ್ಲಿ ವರ್ಷಕ್ಕೆ ಎರಡು ಫಲಪುಷ್ಪ ಪ್ರದರ್ಶನ ನಡೆಯುತ್ತದಲ್ವಾ, ಗಣರಾಜ್ಯೋತ್ಸವಕ್ಕೊಂದು, ಸ್ವಾತಂತ್ರ್ಯ ದಿನಕ್ಕೊಂದು. ಜನವರಿಯಲ್ಲಿ ಗಿಡ ಕೊಂಡವರ ಲ್ಯಾವೆಂಡರ್ ಮುಂದಿನ ಮಳೆಗಾಲದೊಳಗೆ ಬೇರೂರಿ ಗಟ್ಟಿಯಾಗಿರುತ್ತದೆ. ಆಗಸ್ಟ್‌ನಲ್ಲಿ ಕೊಂಡವರ ಗಿಡ ಮನೆಗೆ ಬಂದ ಕೂಡಲೇ ಸೆಪ್ಟೆಂಬರ್ ಮಳೆಗೆ ಸಿಕ್ಕಿಬೀಳುತ್ತದೆ. ಬೆಂಗಳೂರಿನಲ್ಲಿ ವರ್ಷದಲ್ಲೇ ಹೆಚ್ಚು ಮಳೆ ಬೀಳುವ ತಿಂಗಳು ಸೆಪ್ಟೆಂಬರ್.

ಕೊಳ್ಳುವಾಗ ಹೂ ತುಂಬಿದ ಗಿಡಕ್ಕಿಂತ ಬುಡದಿಂದಲೇ ಕವಲೊಡೆದ ಗುಜ್ಜು ಗಿಡ ಆರಿಸಿ. ಬುಡದ ಎಲೆ ಕಪ್ಪಾಗಿದ್ದರೆ ಬೇಡ.

3. ಮಣ್ಣಿನ ಮಿಶ್ರಣ

ಮೂರು ಪಾಲಿನ ಲೆಕ್ಕ ಇಟ್ಟುಕೊಳ್ಳಿ. ಒಂದು ಪಾಲು ಕೆಮ್ಮಣ್ಣು, ಒಂದು ಪಾಲು ದಪ್ಪ ಮರಳು, ಒಂದು ಪಾಲು ಕಡಲೆಕಾಳಿನ ಗಾತ್ರದ ಜಲ್ಲಿ ಅಥವಾ ಇಟ್ಟಿಗೆ, ಹೆಂಚಿನ ಚೂರು. ಇದಕ್ಕೆ ಒಂದು ದೊಡ್ಡ ಹಿಡಿ ಎರೆಗೊಬ್ಬರ. ಇಷ್ಟೊಂದು ಕಲ್ಲಾ ಅಂತ ಅನ್ನಿಸುತ್ತದೆ. ಹೌದು, ಇಷ್ಟೊಂದು ಕಲ್ಲೇ. ಮರಳು ಸಿಗದಿದ್ದರೆ ಎಂ ಸ್ಯಾಂಡ್ ಆಗುತ್ತದೆ, ಆದರೆ ಜರಡಿ ಹಿಡಿದು ಹಿಟ್ಟಿನಂಥ ಪುಡಿಯನ್ನು ಬೇರೆ ಮಾಡಿ. ಆ ಪುಡಿ ನೀರು ಕುಡಿದರೆ ಸಿಮೆಂಟಿನ ಹಾಗೆ ಗಟ್ಟಿಯಾಗಿ ಕೂರುತ್ತದೆ. ಎರೆಮಣ್ಣು, ಅಂದರೆ ಕಪ್ಪು ಮಣ್ಣು, ಬೇಡವೇ ಬೇಡ.

ಕೋಕೋಪೀಟ್ ಒಂದು ಚಮಚವೂ ಬೇಡ. ತೆಂಗಿನ ನಾರಿನ ಈ ಪುಡಿ ಉಳಿದ ಗಿಡಗಳಿಗೆ ವರ, ಯಾಕೆಂದರೆ ಅದು ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ. ಲ್ಯಾವೆಂಡರ್‌ಗೆ ಅದೇ ಶಾಪ.

ಈ ಗಿಡ ಹುಳಿ ಮಣ್ಣನ್ನು ಇಷ್ಟಪಡಲ್ಲ. ಮಣ್ಣಿನ ಹುಳಿ, ಕ್ಷಾರವನ್ನು ಅಳೆಯುವ ಲೆಕ್ಕಕ್ಕೆ ಪಿಎಚ್ ಅನ್ನುತ್ತಾರೆ. 7 ನಡುಮಟ್ಟ, ಅದಕ್ಕಿಂತ ಕೆಳಗೆ ಹುಳಿ, ಮೇಲೆ ಕ್ಷಾರ. ಲ್ಯಾವೆಂಡರ್‌ಗೆ 6.5ರಿಂದ 8ರವರೆಗೆ ಸರಿ. ನಮ್ಮ ಕೆಮ್ಮಣ್ಣು ಬಹಳ ಕಡೆ ಹುಳಿಯ ಕಡೆಗೇ ಇರುವುದರಿಂದ ಒಂದು ಕುಂಡಕ್ಕೆ ಎರಡು ಟೀ ಚಮಚ ಕೃಷಿ ಸುಣ್ಣ ಬೆರೆಸಿ. ಎಲೆ ಅಡಿಕೆಗೆ ಹಚ್ಚುವ ಸುಣ್ಣ ಹಾಕಬೇಡಿ, ಅದರ ಖಾರಕ್ಕೆ ಬೇರು ಸುಡುತ್ತದೆ. ಬೋರ್‌ವೆಲ್ ನೀರು ಗಡಸು ಅಂತ ಕೊರಗುವವರಿಗೆ ಒಂದು ಸಮಾಧಾನ: ಆ ನೀರಿನಲ್ಲಿರುವ ಸುಣ್ಣದ ಅಂಶ ಈ ಗಿಡಕ್ಕೆ ತೊಂದರೆ ಕೊಡಲ್ಲ.

4. ಕುಂಡಕ್ಕೆ ಹಾಕುವುದು

ಗಿಡ ತಂದ ದಿನವೇ ಬದಲಾಯಿಸಬೇಡಿ. ಒಂದು ವಾರ ಬೆಳಕಿರುವ ಜಾಗದಲ್ಲಿಟ್ಟು ಮನೆಯ ಹವೆಗೆ ಒಗ್ಗಲು ಬಿಡಿ.

ಆಮೇಲೆ ನರ್ಸರಿಯ ಕವರ್ ಹರಿದು ನೋಡಿ. ಹೆಚ್ಚಾಗಿ ಬೇರಿನ ಸುತ್ತ ಕಂದು ಬಣ್ಣದ ಕೋಕೋಪೀಟ್ ಉಂಡೆ ಇರುತ್ತದೆ. ಹಿಂಡಿದರೆ ಸ್ಪಂಜಿನಿಂದ ಇಳಿಯುವ ಹಾಗೆ ನೀರು ಇಳಿಯುತ್ತದೆ. ನನ್ನ ಮೊದಲ ಗಿಡವನ್ನು ಈ ಉಂಡೆಯ ಸಮೇತ ನೆಟ್ಟಿದ್ದೆ. ಸುತ್ತಲಿನ ಮರಳು ಮಣ್ಣು ಬೇಗ ಒಣಗುತ್ತಿತ್ತು, ಮೇಲೆ ಒಣಗಿದೆ ಅಂತ ನಾನು ನೀರು ಹಾಕುತ್ತಿದ್ದೆ, ಒಳಗಿನ ಉಂಡೆ ಮಾತ್ರ ಒದ್ದೆಯಾಗೇ ಇತ್ತು. ಸತ್ತ ಮೇಲೆ ಕಿತ್ತು ನೋಡಿದಾಗಲೇ ಗೊತ್ತಾಗಿದ್ದು. ಹಾಗಾಗಿ ಒಂದು ಸಣ್ಣ ಕಡ್ಡಿಯಿಂದಲೋ ಬೆರಳಿಂದಲೋ ಹೊರಗಿನ ಪೀಟನ್ನು ಮೆಲ್ಲಗೆ ಉದುರಿಸಿ. ಮೂರನೇ ಒಂದು ಭಾಗ ಹೋದರೂ ಸಾಕು. ಪೂರ್ತಿ ತೆಗೆಯಲು ಹೋಗಿ ಎಳೆ ಬೇರು ಹರಿಯಬೇಡಿ.

ಕುಂಡದ ತೂತಿನ ಮೇಲೆ ಒಂದು ತುಂಡು ಸೊಳ್ಳೆ ಪರದೆ ಜಾಲರಿ ಇಡಿ. ತಳದಲ್ಲಿ ಜಲ್ಲಿಯ ಪದರ ಹಾಕಿದರೆ ನೀರು ಚೆನ್ನಾಗಿ ಇಳಿಯುತ್ತದೆ ಅಂತ ಎಲ್ಲರೂ ಹೇಳುತ್ತಾರೆ. ನಿಜದಲ್ಲಿ ನೀರು ಮಣ್ಣಿನ ಪದರ ಮುಗಿಯುವಲ್ಲಿ ತಡೆದು ನಿಲ್ಲುತ್ತದೆ, ಬೇರಿಗೆ ಇನ್ನೂ ಹತ್ತಿರವಾಗಿ. ಜಲ್ಲಿಯನ್ನು ತಳಕ್ಕೆ ಹಾಕದೆ ಇಡೀ ಮಣ್ಣಿನಲ್ಲೇ ಬೆರೆಸಿ.

ಗಿಡದ ಬುಡ ಕುಂಡದ ಮಣ್ಣಿಗಿಂತ ಅರ್ಧ ಇಂಚು ಎತ್ತರದಲ್ಲಿ, ದಿಬ್ಬದ ಮೇಲೆ ಕೂತಂತೆ ಇರಲಿ. ಮೇಲೆ ಒಣ ಎಲೆ, ತೆಂಗಿನ ನಾರು ಮುಚ್ಚಬೇಡಿ. ಬೇಕಿದ್ದರೆ ಬಿಳಿ ಕಲ್ಲಿನ ಚೂರು ಹರಡಿ. ನೆಟ್ಟು ಒಂದು ಸಲ ಚೆನ್ನಾಗಿ ನೀರು ಹಾಕಿ. ನೀರು ಮೇಲೆ ನಿಲ್ಲದೆ ಸರಸರ ಇಳಿದು ಕೆಳಗೆ ಬರಬೇಕು. ನಿಂತರೆ ಮಿಶ್ರಣ ಸರಿಯಿಲ್ಲ, ಬೇಜಾರಾದರೂ ಮತ್ತೆ ಮಾಡಿ. ನಾಲ್ಕೈದು ದಿನ ಅರೆನೆರಳು, ಆಮೇಲೆ ನಿಧಾನಕ್ಕೆ ಬಿಸಿಲು.

5. ಬಿಸಿಲು

ದಿನಕ್ಕೆ ಆರು ಗಂಟೆ ನೇರ ಬಿಸಿಲು ಬೇಕು. ಇದರಲ್ಲಿ ಚೌಕಾಸಿ ಇಲ್ಲ. ಹಾಲ್‌ನ ಕಿಟಕಿ, ಟೀಪಾಯಿ, ಆಫೀಸ್ ಮೇಜು ಯಾವುದೂ ಆಗಲ್ಲ. ಉತ್ತರ ದಿಕ್ಕಿನ ಬಾಲ್ಕನಿಯಲ್ಲಿ ಗಿಡ ಉದ್ದುದ್ದ ಬೆಳೆದು, ಸೊರಗಿ, ವಾಸನೆಯೂ ಇಲ್ಲದಂತಾಗುತ್ತದೆ. ತಾರಸಿ ಇದ್ದರೆ ಒಳ್ಳೆಯದು. ಏಪ್ರಿಲ್, ಮೇ ತಿಂಗಳಲ್ಲಿ ತಾರಸಿಯ ಕಾದ ನೆಲದ ಮೇಲೆ ಕುಂಡವನ್ನು ನೇರವಾಗಿ ಇಡದೆ ಎರಡು ಇಟ್ಟಿಗೆ ಮೇಲೆ ಕೂರಿಸಿ. ಬೇರಿಗೆ ಬಿಸಿ ತಾಕಲ್ಲ, ತೂತಿನಿಂದ ಗಾಳಿಯೂ ಆಡುತ್ತದೆ.

6. ನೀರು

ನಮ್ಮ ಮನೆಗಳಲ್ಲಿ ಬೆಳಿಗ್ಗೆ ತುಳಸಿಗೆ ನೀರು ಹಾಕಿ ತಂಬಿಗೆಯಲ್ಲಿ ಉಳಿದದ್ದನ್ನು ಪಕ್ಕದ ಕುಂಡಕ್ಕೆ ಸುರಿಯುವುದು ರೂಢಿ. ಆ ಪಕ್ಕದ ಕುಂಡ ಲ್ಯಾವೆಂಡರ್ ಆಗಿರದಂತೆ ನೋಡಿಕೊಳ್ಳಿ. ಮನೆಯಲ್ಲಿ ಗಿಡಕ್ಕೆ ನೀರು ಹಾಕುವವರು ಇಬ್ಬರಿದ್ದರೆ ಇದನ್ನು ಒಬ್ಬರಿಗೇ ವಹಿಸಿ. ಅಮ್ಮ ಒಮ್ಮೆ, ನೀವು ಒಮ್ಮೆ ಅಂತಾದರೆ ಗಿಡಕ್ಕೆ ಎರಡೂ ಸಲ ನೀರು ಬೀಳುತ್ತದೆ.

ಎಷ್ಟು ದಿನಕ್ಕೊಮ್ಮೆ ಅಂತ ಕೇಳುತ್ತೀರಿ. ದಿನದ ಲೆಕ್ಕ ಹೇಳಿದರೆ ಮೋಸ ಹೋಗುತ್ತೀರಿ. ಬೆರಳನ್ನು ಎರಡು ಗೆಣ್ಣಿನ ತನಕ ಮಣ್ಣಿಗೆ ಚುಚ್ಚಿ ನೋಡಿ. ಒಣಗಿದ್ದರೆ ಮಾತ್ರ ನೀರು. ಇನ್ನೂ ಒಳ್ಳೆಯ ದಾರಿ ಕುಂಡವನ್ನು ಎತ್ತಿ ನೋಡೋದು. ನೀರು ಹಾಕಿದ ದಿನ ಎಷ್ಟು ಭಾರ, ಒಣಗಿದ ದಿನ ಎಷ್ಟು ಹಗುರ ಅಂತ ಒಂದು ವಾರದಲ್ಲಿ ಕೈಗೇ ಗೊತ್ತಾಗುತ್ತದೆ. ಹಾಕಿದಾಗ ಬುಡಕ್ಕೆ, ಕೆಳಗಿನಿಂದ ಹೊರಬರುವಷ್ಟು ಹಾಕಿ, ಆಮೇಲೆ ಒಣಗುವ ತನಕ ಮುಟ್ಟಬೇಡಿ. ಎಲೆ ಮೇಲೆ ಚಿಮುಕಿಸಬೇಡಿ. ಕೆಳಗೆ ತಟ್ಟೆ ಇಟ್ಟಿದ್ದರೆ ನಿಂತ ನೀರು ಚೆಲ್ಲಿ.

ಎಲ್ಲಕ್ಕಿಂತ ಮುಖ್ಯ ಎಚ್ಚರಿಕೆ: ನೀರು ಹೆಚ್ಚಾದಾಗಲೂ ಗಿಡ ಬಾಡುತ್ತದೆ, ಕಡಿಮೆಯಾದಾಗಲೂ ಬಾಡುತ್ತದೆ. ಬೇರು ಕೊಳೆತರೆ ಅದು ನೀರು ಹೀರಲಾರದು, ಹಾಗಾಗಿ ಒದ್ದೆ ಮಣ್ಣಲ್ಲೇ ಗಿಡ ಬಾಯಾರಿದಂತೆ ಕಾಣುತ್ತದೆ. ಇದೇ ಬೇರು ಕೊಳೆ ರೋಗ. ಬಾಡಿದೆ ಅಂತ ಓಡಿಹೋಗಿ ಒಂದು ಚೊಂಬು ನೀರು ಸುರಿಯುವ ಮೊದಲು ಮಣ್ಣು ಮುಟ್ಟಿ ನೋಡಿ.

7. ಗೊಬ್ಬರ

ವರ್ಷಕ್ಕೊಮ್ಮೆ, ನವೆಂಬರ್‌ನಲ್ಲಿ, ಒಂದು ಹಿಡಿ ಎರೆಗೊಬ್ಬರ. ಮುಗೀತು. ಅಕ್ಕಿ ತೊಳೆದ ನೀರು, ಹುಳಿ ಮಜ್ಜಿಗೆ, ಕಾಫಿ ಗಸಿ, ಬಾಳೆಹಣ್ಣಿನ ಸಿಪ್ಪೆ ಇವೆಲ್ಲ ಬೇರೆ ಗಿಡಗಳಿಗಿರಲಿ. ಚೆನ್ನಾಗಿ ಉಂಡ ಲ್ಯಾವೆಂಡರ್ ಎಲೆ ಬಿಟ್ಟು ಮೈ ತುಂಬಿಕೊಳ್ಳುತ್ತದೆ, ಹೂವನ್ನೂ ಘಮವನ್ನೂ ಕಮ್ಮಿ ಮಾಡುತ್ತದೆ.

8. ಸವರುವುದು

ಸವರದೆ ಬಿಟ್ಟರೆ ಎರಡೇ ವರ್ಷದಲ್ಲಿ ಬುಡ ಬೋಳು ಕಟ್ಟಿಗೆಯಾಗಿ, ತುದಿಯಲ್ಲಷ್ಟೇ ನಾಲ್ಕು ಎಲೆ ಉಳಿಯುತ್ತದೆ. ವರ್ಷಕ್ಕೆ ಎರಡು ಸಲ ಕತ್ತರಿ ಆಡಿಸಿ. ಹೂ ಮುಗಿದ ಮೇಲೆ ಗಿಡದ ಮೂರನೇ ಒಂದು ಭಾಗ ಕತ್ತರಿಸಿ ಗುಂಡಗೆ ಮಾಡಿ. ಮೇ ಕೊನೆಯಲ್ಲಿ, ಮಳೆ ಶುರುವಾಗುವ ಮುಂಚೆ, ನಡುವಿನ ದಟ್ಟ ಕಡ್ಡಿಗಳನ್ನು ತೆಗೆದು ಗಾಳಿಯಾಡುವಂತೆ ಮಾಡಿ.

ಎಲ್ಲಿ ನಿಲ್ಲಿಸಬೇಕು ಅನ್ನೋದು ಮುಖ್ಯ. ಹಸಿರು ಎಲೆ ಇರುವ ಭಾಗದಲ್ಲೇ ಕತ್ತರಿಸಿ. ಕೆಳಗಿನ ಎಲೆಯಿಲ್ಲದ ಕಂದು ಕಟ್ಟಿಗೆಗೆ ಕತ್ತರಿ ಹಾಕಿದರೆ ಅಲ್ಲಿಂದ ಮತ್ತೆ ಚಿಗುರುವುದು ತೀರಾ ಅಪರೂಪ. ಗುಲಾಬಿಗೆ ಮಾಡಿದಂತೆ ಮೋಟು ಮಾಡಲು ಹೋಗಿ ಗಿಡ ಕಳೆದುಕೊಂಡವರು ಬಹಳ.

9. ಮಳೆಗಾಲ

ಜೂನ್ ಬಂತು ಅಂದರೆ ಕುಂಡವನ್ನು ಸಜ್ಜದ ಕೆಳಗೆ ಸರಿಸಿ, ಬಿಸಿಲು ಸಿಗಬೇಕು ಆದರೆ ಮಳೆ ನೇರವಾಗಿ ಬೀಳಬಾರದು. ಸಜ್ಜ ಇಲ್ಲದಿದ್ದರೆ ತಾರಸಿಯಲ್ಲಿ ನಾಲ್ಕು ಕಡೆ ತೆರೆದ, ಮೇಲೆ ಮಾತ್ರ ಪಾರದರ್ಶಕ ಶೀಟ್ ಇರುವ ಚಪ್ಪರ ಸಾಕು. ಗಿಡಕ್ಕೆ ಪ್ಲಾಸ್ಟಿಕ್ ಕವರ್ ಮುಚ್ಚಬೇಡಿ, ಒಳಗೆ ಬೆವರಿ ಕೊಳೆಯುತ್ತದೆ. ಕುಂಡಗಳ ನಡುವೆ ಒಂದಡಿ ಜಾಗ ಬಿಡಿ. ಈ ತಿಂಗಳುಗಳಲ್ಲಿ ಹೂವು ಬಂದಿಲ್ಲ ಅಂತ ಕೇಳಬೇಡಿ, ಬದುಕಿದ್ದರೆ ಸಾಕು.

ಹಿಟ್ಟು ತಿಗಣೆ, ಅಂದರೆ ಕಡ್ಡಿಯ ಸಂದಿಯಲ್ಲಿ ಹತ್ತಿಯಂತೆ ಕೂರುವ ಬಿಳಿ ಹುಳ ಕಂಡರೆ ಒಂದು ಲೀಟರ್ ನೀರಿಗೆ 5 ಮಿಲಿ ಬೇವಿನ ಎಣ್ಣೆ, ಎರಡು ಹನಿ ಪಾತ್ರೆ ತೊಳೆಯುವ ದ್ರಾವಣ ಬೆರೆಸಿ, ಮಳೆಯಿಲ್ಲದ ಸಂಜೆ ಸಿಂಪಡಿಸಿ. ಘಾಟು ವಾಸನೆಯ ಗಿಡವಾದ್ದರಿಂದ ಹುಳದ ಕಾಟ ಕಮ್ಮಿಯೇ.

10. ಕೊಯ್ಲು

ತೆನೆಯಲ್ಲಿ ಕೆಳಗಿನ ಕಾಲು ಭಾಗ ಅರಳಿ, ಉಳಿದದ್ದು ಮೊಗ್ಗಾಗಿರುವಾಗ ಕೊಯ್ಯಿರಿ. ಬೆಳಿಗ್ಗೆ, ಇಬ್ಬನಿ ಆರಿದ ಮೇಲೆ. ಪೂರ್ತಿ ಅರಳಲಿ ಅಂತ ಕಾದರೆ ವಾಸನೆ ಗಾಳಿಗೆ ಹೋಗಿರುತ್ತದೆ. ಹತ್ತು ಹದಿನೈದು ತೆನೆಯ ಕಟ್ಟು ಮಾಡಿ, ಕತ್ತಲೆಯ ಗಾಳಿಯಾಡುವ ಕೋಣೆಯಲ್ಲಿ ತಲೆಕೆಳಗಾಗಿ ಎರಡು ವಾರ ನೇತುಹಾಕಿ. ಆಮೇಲೆ ಹೂ ಉದುರಿಸಿ ಹತ್ತಿ ಬಟ್ಟೆಯ ಪುಟ್ಟ ಚೀಲದಲ್ಲಿ ಕಟ್ಟಿ ಸೀರೆ ಬೀರುವಿನಲ್ಲಿಡಬಹುದು. ರೇಷ್ಮೆಗೆ ನೇರವಾಗಿ ತಾಗಿಸಬೇಡಿ, ಎಣ್ಣೆಯ ಕಲೆ ಹಿಡಿದೀತು. ವಾಸನೆ ಕಮ್ಮಿಯಾದಾಗ ಚೀಲವನ್ನು ಅಂಗೈಯಲ್ಲಿ ಒಮ್ಮೆ ಹಿಸುಕಿ.

ಚಹಾಕ್ಕೋ ಬಿಸ್ಕತ್ತಿಗೋ ಹಾಕುವುದಾದರೆ ಇಂಗ್ಲಿಷ್ ಜಾತಿಯದ್ದು ಮಾತ್ರ, ಅದೂ ಔಷಧ ಸಿಂಪಡಿಸದ ಗಿಡದ್ದು. ಡೆಂಟಾಟ, ಸ್ಪ್ಯಾನಿಷ್ ತಿನ್ನಲು ಅಲ್ಲ. ಮನೆಯಲ್ಲಿ ಬೆಕ್ಕು, ನಾಯಿ ಇದ್ದರೆ ಅವು ಮೆಲ್ಲದ ಎತ್ತರದಲ್ಲಿಡಿ, ತಿಂದರೆ ಹೊಟ್ಟೆ ಕೆಡುತ್ತದೆ. ಇನ್ನು ಸೊಳ್ಳೆ. ಗಿಡ ಸುಮ್ಮನೆ ಕುಂಡದಲ್ಲಿ ನಿಂತಿದ್ದರೆ ಸೊಳ್ಳೆ ಓಡಲ್ಲ. ಎಲೆ ಜಜ್ಜಿದಾಗ ಬರುವ ಎಣ್ಣೆಗೆ ಸ್ವಲ್ಪ ಹೊತ್ತು ಆ ಗುಣ ಇರುತ್ತದೆ ಅಷ್ಟೇ. ಸೊಳ್ಳೆ ಪರದೆ ಬಿಚ್ಚಬೇಡಿ.

11. ಕಡ್ಡಿ ನೆಟ್ಟು ಇನ್ನೊಂದು ಗಿಡ

ಮೂರ್ನಾಲ್ಕು ವರ್ಷಕ್ಕೆ ಗಿಡ ಮುದಿಯಾಗುತ್ತದೆ. ಹಾಗಾಗಿ ಪ್ರತಿ ನವೆಂಬರ್‌ನಲ್ಲಿ ನಾಲ್ಕು ಕಡ್ಡಿ ನೆಟ್ಟಿಡಿ. ಹೂ ಇಲ್ಲದ, ಬಗ್ಗಿಸಿದರೆ ಬಾಗುವ ಆದರೆ ತೀರಾ ಎಳೆಯದಲ್ಲದ ಟೊಂಗೆಯಿಂದ ಮೂರ್ನಾಲ್ಕು ಇಂಚು ಕತ್ತರಿಸಿ. ಕೆಳಗಿನ ಅರ್ಧದ ಎಲೆ ಬಿಡಿಸಿ, ಬೇರಿನ ಹಾರ್ಮೋನ್ ಪುಡಿ ಇದ್ದರೆ ಅದರಲ್ಲಿ ಅದ್ದಿ, ತೇವ ಮರಳಿಗೆ ಊರಿ. ನೆರಳಿನಲ್ಲಿಡಿ. ಮರಳು ತೇವವಾಗಿರಲಿ, ತೊಟ್ಟಿಕ್ಕಬಾರದು. ನಾಲ್ಕರಿಂದ ಆರು ವಾರದಲ್ಲಿ ಬೇರು ಬಿಡುತ್ತದೆ. ಮೆಲ್ಲಗೆ ಎಳೆದಾಗ ಹಿಡಿದುಕೊಂಡಂತೆ ಅನ್ನಿಸಿದರೆ ಬೇರು ಬಂದಿದೆ. ದಿನಾ ಎಳೆದು ನೋಡಬೇಡಿ.

ದೊಡ್ಡ ಗಿಡ ಬೇರು ಕೊಳೆತು ಸಾಯುತ್ತಿದೆ ಅಂತ ಗೊತ್ತಾದಾಗಲೂ ಇದೇ ಕೊನೆಯ ಉಪಾಯ. ಅದನ್ನು ಉಳಿಸಲು ಔಷಧ ಹುಡುಕುತ್ತ ಕೂರಬೇಡಿ. ಇನ್ನೂ ಹಸಿರಾಗಿ ಗಟ್ಟಿಯಾಗಿರುವ ತುದಿಗಳನ್ನು ಅವತ್ತೇ ಕತ್ತರಿಸಿ ಮರಳಿಗೆ ಊರಿ, ಆರರಲ್ಲಿ ಒಂದಾದರೂ ಹಿಡಿಯಬಹುದು. ಸತ್ತ ಗಿಡದ ಮಣ್ಣನ್ನು ಬೇರೆ ಯಾವ ಕುಂಡಕ್ಕೂ ಹಾಕದೆ ಹೊರಗೆ ಹಾಕಿ. ಖಾಲಿ ಕುಂಡವನ್ನು ಉಜ್ಜಿ ತೊಳೆದು, ಒಂದು ವಾರ ಬೋರಲು ಹಾಕಿ ಬಿಸಿಲಿಗಿಡಿ. ಹೊಸ ಗಿಡ ಅದಾದ ಮೇಲೆ.